ಕಸವೆಂದು ಕಲಿಸಿದ ಪಾಠ



ಮೂರು ದಶಕಕ್ಕೂ ಮೀರಿ ಸೀಮೆಸುಣ್ಣ ಹಿಡಿದವನು ತಾನು ಹೇಳಿಕೊಟ್ಟದ್ದೆಲ್ಲವೂ ಸರಿಯೆಂದು ಎದೆ ತಟ್ಟಿ ಹೇಳಲಾರ. ಶಾಸ್ತ್ರ ಬೆಳೆಯುತ್ತದೆ, ಪಠ್ಯಪುಸ್ತಕ ಹಿಂದೆ ಉಳಿಯುತ್ತದೆ, ಮೇಷ್ಟರು ಅದಕ್ಕಿಂತಲೂ ಒಂದು ಹೆಜ್ಜೆ ಹಿಂದಿರುತ್ತಾರೆ. ಆದರೂ ಕೆಲವು ತಪ್ಪುಗಳು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಕುಳಿತುಬಿಡುತ್ತವೆ. ಅಂತಹ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇನೆ. ಅದರ ನೆಪದಲ್ಲಿ ನಮ್ಮ ಜಿಲ್ಲೆಯ ಒಂದು ಕಾಯಿಲೆಯ ಇತಿಹಾಸವನ್ನೂ, ಜೀವವಿಜ್ಞಾನದ ಒಂದು ಹೊಸ ಅಧ್ಯಾಯವನ್ನೂ ನನಗೆ ತಿಳಿದಷ್ಟು ಹೇಳುತ್ತೇನೆ.

ಅದು 1994ರ ಮಳೆಗಾಲ. ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಜೀವಶಾಸ್ತ್ರ ತೆಗೆದುಕೊಳ್ಳುತ್ತಿದ್ದೆ. ಮಧ್ಯಾಹ್ನದ ಕಾರ್ಖಾನೆಯ ಸೈರನ್ ಕೂಗಿ ಸ್ವಲ್ಪ ಹೊತ್ತಾಗಿತ್ತು. ಕಪ್ಪುಹಲಗೆಯ ಮೇಲೆ ಡಿಎನ್‌ಎ ಏಣಿಯ ಚಿತ್ರ ಬರೆದು, ಅದರಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು ಎಂದು ಬಾಣದ ಗುರುತು ಹಾಕಿ ವಿವರಿಸಿದೆ. ಪುಸ್ತಕದಲ್ಲಿಲ್ಲದಿದ್ದರೂ ಎಲ್ಲೋ ಓದಿದ್ದ ಸಂಗತಿಯೊಂದನ್ನು ಉತ್ಸಾಹದಿಂದ ಸೇರಿಸಿದೆ: ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನಿಗೆ ಅಪ್ಪಣೆ ಬರೆದಿರುವುದು ಬಹಳ ಸಣ್ಣ ಭಾಗ ಮಾತ್ರ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಹಾಗಾದರೆ ಉಳಿದದ್ದೆಲ್ಲ ಏಕಿದೆ ಸರ್?"

"ಅದೆಲ್ಲ ಕಸಮ್ಮ. ವಂಶಪಾರಂಪರ್ಯವಾಗಿ ಹೊತ್ತು ತಂದ ಕಸ" ಎಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ.

ಆ ಹುಡುಗಿ ಸೊರಬದ ಕಡೆಯವಳು. ಹಿಂದಿನ ಬೇಸಿಗೆಯಲ್ಲಿ ಅವಳ ತಂದೆ, ತಾಯಿ ಇಬ್ಬರೂ ಕೊಟ್ಟಿಗೆಗೆ ಹಾಸಲು ಒಣ ಎಲೆ ತರಲೆಂದು ಕಾಡಿಗೆ ಹೋಗಿ, ಇಬ್ಬರೂ ಮಂಗನ ಕಾಯಿಲೆಗೆ ತುತ್ತಾಗಿದ್ದರು. ತಾಯಿ ತಿಂಗಳ ಮೇಲೆ ಎದ್ದು ಕುಳಿತರು. ತಂದೆ ಏಳಲೇ ಇಲ್ಲ. ಹುಡುಗಿಯನ್ನು ಸೋದರತ್ತೆಯ ಮನೆಯವರು ಭದ್ರಾವತಿಗೆ ಕರೆತಂದು ಓದಿಸುತ್ತಿದ್ದರು. ಪಾಠ ಮುಗಿದ ಮೇಲೆ ಅವಳು ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು ಇನ್ನೊಂದು ಪ್ರಶ್ನೆ ಕೇಳಿದಳು: "ಒಂದೇ ಕಾಡು, ಒಂದೇ ಉಣುಗು, ಒಂದೇ ಜ್ವರ. ಅಮ್ಮ ಬದುಕಿದರು, ಅಪ್ಪ ಯಾಕೆ ಸತ್ತರು ಸರ್?" ನಾನು "ದೈವೇಚ್ಛೆ" ಎಂದೋ "ಅವರ ಶಕ್ತಿ ಕುಂದಿತ್ತೇನೋ" ಎಂದೋ ಹೇಳಿ ಕಳುಹಿಸಿದೆ. ಆ ಎರಡೂ ಪ್ರಶ್ನೆಗಳಿಗೆ ಪರಸ್ಪರ ನಂಟಿರಬಹುದೆಂಬ ಊಹೆ ಅಂದು ನನಗೆ ಇರಲಿಲ್ಲ.

ಮಂಗನ ಕಾಯಿಲೆಯ ಕಥೆಯನ್ನು ನಮ್ಮ ಹಿರಿಯರಲ್ಲಿ ಅನೇಕರು ಕಣ್ಣಾರೆ ಕಂಡವರು. 1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮುಸುವಗಳೂ ಕೋತಿಗಳೂ ಮರದಿಂದ ಬಿದ್ದು ಸಾಯತೊಡಗಿದವು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ಮುರಿತ, ಕೆಲವರಿಗೆ ಮೂಗು ಬಾಯಿಗಳಿಂದ ರಕ್ತಸ್ರಾವ. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ತಲುಪಿತು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನು ಕೊಲ್ಲುತ್ತಿದ್ದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬುದು ಅವರ ಮೊದಲ ಭಯ. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮುಂತಾದವರು ನಮ್ಮ ಕಾಡುಗಳನ್ನು ಸುತ್ತಿ, ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ವೈರಾಣುವನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮೆದುಳುಜ್ವರದ ವೈರಾಣುವಿನ ಹತ್ತಿರದ ಸಂಬಂಧಿ. ಹೀಗೆ ನಮ್ಮ ಸೊರಬದ ಒಂದು ಪುಟ್ಟ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಸೇರಿತು. ಯಾವ ಊರೂ ಬಯಸದ ಕೀರ್ತಿ ಅದು.

ರಷ್ಯಾದ ಆ ಜ್ವರದ ಲಸಿಕೆಯನ್ನು ನಮ್ಮ ಜನರಿಗೆ ಕೊಟ್ಟು ನೋಡಿದರು, ಫಲಿಸಲಿಲ್ಲ. ಮುಂದೆ ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿರ್ಜೀವಗೊಳಿಸಿ ಹೊಸ ಲಸಿಕೆ ತಯಾರಿಸಿದರು. ಶಿವಮೊಗ್ಗದ ವೈರಾಣು ಪರೀಕ್ಷಾ ಪ್ರಯೋಗಾಲಯದ ಹೆಸರು ಈ ಕಾಯಿಲೆಯೊಂದಿಗೆ ಬೆಸೆದುಕೊಂಡಿತು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಪ್ರಕಾರ, ಎರಡು ಸಲ ಚುಚ್ಚಿಸಿಕೊಂಡವರಲ್ಲಿ ಆ ಲಸಿಕೆಯ ರಕ್ಷಣೆ ಶೇಕಡ 62ರಷ್ಟು, ವರ್ಧಕವನ್ನೂ ಪಡೆದವರಲ್ಲಿ ಶೇಕಡ 83ರಷ್ಟು. ಚುಚ್ಚಿದ ಜಾಗದ ನೋವಿಗೆ ಹೆದರಿ ಎರಡನೆಯ ಸಲ ಬಾರದವರು ಬಹಳ. ಬರಬರುತ್ತ ಅದರ ಗುಣ ಕುಗ್ಗಿ, 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯ ಪ್ರಯತ್ನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅಷ್ಟರಲ್ಲಿ ಕಾಯಿಲೆ ಮಾತ್ರ ಸುಮ್ಮನೆ ಕೂರಲಿಲ್ಲ. ಚಾಮರಾಜನಗರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹಬ್ಬಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡ ಅದರ ಹಾವಳಿಯನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ.

ಈಗ ಆ ಹುಡುಗಿಯ ಮೊದಲ ಪ್ರಶ್ನೆಗೆ ಬರೋಣ.

ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದ 1960ರ ದಶಕದಲ್ಲಿ ನಮಗೆ ಗೊತ್ತಿದ್ದ ಆರ್‌ಎನ್‌ಎಗಳು ಮೂರೇ. ಡಿಎನ್‌ಎಯ ಅಪ್ಪಣೆಯನ್ನು ಹೊತ್ತೊಯ್ಯುವ ದೂತ, ಅಮೈನೋ ಆಮ್ಲಗಳನ್ನು ತಂದೊಪ್ಪಿಸುವ ಕೂಲಿ, ಪ್ರೋಟೀನು ಕಟ್ಟುವ ರೈಬೋಸೋಮಿನ ಚೌಕಟ್ಟು. ಸೂಕ್ಷ್ಮವಾಗಿ ನೋಡಿದರೆ ಈ ಮೂರರಲ್ಲಿ ಎರಡು ಯಾವ ಪ್ರೋಟೀನಿನ ಅಪ್ಪಣೆಯನ್ನೂ ಹೊತ್ತವಲ್ಲ. ತಾವೇ ನೇರವಾಗಿ ಕೆಲಸ ಮಾಡುವಂಥವು. ಪ್ರೋಟೀನು ಬರೆಯದ ಆರ್‌ಎನ್‌ಎ ನಮ್ಮ ಕಣ್ಣೆದುರೇ ಇತ್ತು, ನಾವು ಅದನ್ನು ಆಳುಕಾಳಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆವು. 1972ರಲ್ಲಿ ಸುಸುಮು ಓನೊ ಎಂಬ ವಿಜ್ಞಾನಿ ಪ್ರೋಟೀನಿಗೆ ಸಂಬಂಧಿಸದ ಡಿಎನ್‌ಎಯನ್ನು 'ಕಸ' ಎಂದು ಕರೆದ ಮೇಲೆ ಆ ಮಾತು ಪ್ರಚಾರಕ್ಕೆ ಬಂತು. ನಾನು ತರಗತಿಯಲ್ಲಿ ಹೇಳಿದ್ದು ಅದನ್ನೇ.

ವಿಚಿತ್ರವೆಂದರೆ, ನಾನು ಹಾಗೆ ಹೇಳುವುದಕ್ಕೆ ಒಂದು ವರ್ಷ ಮೊದಲೇ, 1993ರಲ್ಲಿ, ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಎಂಬಿಬ್ಬರು ಮಿಲಿಮೀಟರ್ ಉದ್ದದ ಒಂದು ಹುಳುವಿನಲ್ಲಿ ಆ ಮಾತಿನ ಬುಡ ಅಲುಗಿಸುವ ಸಂಗತಿಯನ್ನು ಪ್ರಕಟಿಸಿದ್ದರು. ಸುಮಾರು 22 ಅಕ್ಷರಗಳ ಪುಟ್ಟ ಆರ್‌ಎನ್‌ಎ ತುಣುಕೊಂದು, ಯಾವ ಪ್ರೋಟೀನನ್ನೂ ಬರೆಯದೆ, ಇನ್ನೊಂದು ವಂಶವಾಹಿಯ ದೂತ ಆರ್‌ಎನ್‌ಎಗೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತಿತ್ತು. ಏಳು ವರ್ಷ ಅದನ್ನು ಆ ಹುಳುವಿನ ವಿಶೇಷವೆಂದೇ ಜನ ಭಾವಿಸಿದರು. 2000ದಲ್ಲಿ ಅಂತಹದೇ ಎರಡನೆಯ ತುಣುಕು ಹುಳುವಿನಿಂದ ಮನುಷ್ಯನವರೆಗೂ ಅನೇಕ ಪ್ರಾಣಿಗಳಲ್ಲಿ ಇದೆಯೆಂದು ತಿಳಿದಾಗ ಎಲ್ಲರೂ ತಿರುಗಿ ನೋಡಿದರು. ಮೈಕ್ರೋ ಆರ್‌ಎನ್‌ಎ ಎಂಬ ಹೆಸರು ಬಂತು. ಮನುಷ್ಯನಲ್ಲಿ ಸಾವಿರಕ್ಕೂ ಹೆಚ್ಚು ಬಗೆಯವು ಸಿಕ್ಕಿವೆ. ಅವರಿಬ್ಬರಿಗೂ 2024ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ದಿನ ಸುದ್ದಿ ಓದುತ್ತ ಕುಳಿತಾಗ ನನ್ನ ಕಣ್ಣ ಮುಂದೆ ಬಂದದ್ದು ಸ್ಟಾಕ್‌ಹೋಮ್ ಅಲ್ಲ, ಭದ್ರಾವತಿಯ ಹಿಂದಿನ ಬೆಂಚು.

ನಮ್ಮ ನಾಡಿನವರೂ ಈ ದಾರಿಯಲ್ಲಿ ನಡೆದವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, 2003ರಿಂದ 2013ರವರೆಗೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದ ಎಂ. ಆರ್. ಎಸ್. ರಾವ್ ಅವರು 2004ರಲ್ಲಿ ತಮ್ಮ ಶಿಷ್ಯರೊಂದಿಗೆ ಇಲಿಯ ಎಂಟನೆಯ ವರ್ಣತಂತುವಿನಲ್ಲಿ ಪ್ರೋಟೀನು ಬರೆಯದ ಉದ್ದನೆಯ ಆರ್‌ಎನ್‌ಎಯೊಂದನ್ನು ಗುರುತಿಸಿದರು. ಸುಮಾರು 2,400 ಅಕ್ಷರಗಳ ಅದು, ವೀರ್ಯಾಣುಗಳು ರೂಪುಗೊಳ್ಳುವ ಹಾದಿಯಲ್ಲಿ ಕೆಲವು ವಂಶವಾಹಿಗಳ ಮೇಲೆ ಹಿಡಿತ ಇಟ್ಟುಕೊಂಡಿದೆಯೆಂದು ಮುಂದಿನ ವರ್ಷಗಳಲ್ಲಿ ತೋರಿಸಿದರು. 2023ರಲ್ಲಿ ಅವರು ನಿಧನರಾದಾಗ ಪತ್ರಿಕೆಗಳಲ್ಲಿ ಬಂದದ್ದು ಕೆಲವೇ ಸಾಲು. ಇನ್ನು ಕಾಶಿಯಲ್ಲಿ ಸುಭಾಷ್ ಲಖೋಟಿಯಾ ಅವರು ಹಣ್ಣಿನ ನೊಣದಲ್ಲಿ ಇಂತಹ ಆರ್‌ಎನ್‌ಎಯೊಂದರ ಹಿಂದೆ ದಶಕಗಳನ್ನೇ ಕಳೆದರು. ಎಲ್ಲರೂ ಕಸವೆಂದು ತಿಳಿದಿದ್ದ ಕಾಲದಲ್ಲಿ ಕಸವನ್ನು ಕೆದಕುತ್ತ ಕೂರಲು ಬೇಕಾದ ಎದೆಗಾರಿಕೆ ಸಾಮಾನ್ಯವಲ್ಲ.

ಭದ್ರಾವತಿಯವರಿಗೆ ಈ ಮಾತನ್ನು ನಾನು ಬೇರೆ ರೀತಿಯಲ್ಲಿ ಹೇಳಬಲ್ಲೆ. ನಮ್ಮ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರು 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್'. 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಆ ಕುಲುಮೆಗೆ ಇದ್ದಿಲು ಬೇಕಿತ್ತು, ಇದ್ದಿಲಿಗೆ ಕಾಡಿನ ಕಟ್ಟಿಗೆ. ಹಳ್ಳಿಯಲ್ಲಿ ಇದ್ದಿಲು ಸುಡುವವನು ಹೊಗೆಯನ್ನು ಗಾಳಿಗೆ ಬಿಡುತ್ತಾನೆ. ಇಲ್ಲಿ ಅದೇ ಹೊಗೆಯನ್ನು ತಂಪುಗೊಳಿಸಿ ಮರದ ಮದ್ಯಸಾರವನ್ನೂ ಡಾಂಬರನ್ನೂ ಇಳಿಸಿಕೊಂಡರು. ಹೊಗೆಯಲ್ಲಿ ಸರಕನ್ನು ಕಂಡ ಕಣ್ಣು ಅದು. ಡಿಎನ್‌ಎಯ ಹೊಗೆಯನ್ನು ಕಂಡು ನಾವು ಮೂಗು ಮುಚ್ಚಿಕೊಂಡೆವು.

ಹಾಗೆಂದು ಡಿಎನ್‌ಎಯಲ್ಲಿರುವುದೆಲ್ಲ ರಸವೇ ಎಂದು ಹೇಳಿ ಇನ್ನೊಂದು ತಪ್ಪು ಮಾಡಲಾರೆ. ಮನುಷ್ಯನ 300 ಕೋಟಿ ಅಕ್ಷರಗಳಲ್ಲಿ ಪ್ರೋಟೀನಿಗೆ ಮೀಸಲಾದದ್ದು ಶೇಕಡ 2ಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಎಷ್ಟು ಉಪಯುಕ್ತ, ಎಷ್ಟು ನಿಜವಾಗಿಯೂ ಕಸ ಎಂಬ ಬಗ್ಗೆ ವಿದ್ವಾಂಸರ ವಾದ ಮುಗಿದಿಲ್ಲ. ಆದರೆ ಪರೀಕ್ಷಿಸದೆಯೇ ಕಸವೆಂದು ಹೆಸರಿಟ್ಟು ಮುಚ್ಚಿಬಿಟ್ಟದ್ದು ಮಾತ್ರ ತಪ್ಪು.

ಇನ್ನು ಎರಡನೆಯ ಪ್ರಶ್ನೆ. ಒಂದೇ ಜ್ವರ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಏಕೆ ಒಯ್ಯುತ್ತದೆ?

ರೋಗಾಣು ಒಳಹೊಕ್ಕಾಗ ದೇಹ ಬೆಂಕಿ ಹೊತ್ತಿಸುತ್ತದೆ. ಕೆಂಪಾಗುವುದು, ಬಿಸಿಯಾಗುವುದು, ಬಾವು, ನೋವು ಎಲ್ಲವೂ ಆ ಬೆಂಕಿಯ ಲಕ್ಷಣಗಳು. ಅದಕ್ಕೆ ಕನ್ನಡದಲ್ಲಿ ಉರಿಯೂತವೆಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪಿದೆ ನೋಡಿ. ಬೆಂಕಿ ಹೊತ್ತದಿದ್ದರೆ ರೋಗಾಣು ಕೊಲ್ಲುತ್ತದೆ, ಹೊತ್ತಿದ ಬೆಂಕಿ ಆರದಿದ್ದರೆ ಬೆಂಕಿಯೇ ಮನೆಯನ್ನು ಸುಡುತ್ತದೆ. ಈ ಬೆಂಕಿಯನ್ನು ಹೊತ್ತಿಸುವ ಮುಖ್ಯ ಕೀಲಿಯನ್ನು 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಕಂಡುಹಿಡಿದರು. ಅದರ ಹೆಸರು ಎನ್‌ಎಫ್ ಕಪ್ಪಾ ಬಿ. ಇಪ್ಪತ್ತು ವರ್ಷಗಳ ನಂತರ, 2006ರಲ್ಲಿ, ಅದೇ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಈ ಕೀಲಿ ತಿರುಗಿದೊಡನೆ ಬೆಂಕಿಯ ಸಾಮಗ್ರಿಯ ಜೊತೆಯಲ್ಲೇ ಒಂದು ಮೈಕ್ರೋ ಆರ್‌ಎನ್‌ಎಯೂ ತಯಾರಾಗುತ್ತದೆ, ಅದರ ಸಂಖ್ಯೆ 146. ಅದು ಹಿಂದಿರುಗಿ ಬಂದು ಬೆಂಕಿ ಹೊತ್ತಿಸುವ ಸರಪಳಿಯ ಎರಡು ಕೊಂಡಿಗಳನ್ನು ತಗ್ಗಿಸುತ್ತದೆ. ಒಲೆ ಹಚ್ಚುವಾಗಲೇ ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಳ್ಳುವ ಗೃಹಿಣಿಯ ಜಾಣ್ಮೆ ಅದು. ಈ 146ಎ ಎಂಬ ತುಣುಕನ್ನು ತೆಗೆದುಹಾಕಿದ ಇಲಿಗಳಲ್ಲಿ ಉರಿಯೂತ ಮಿತಿಮೀರಿ, ದೇಹ ತನ್ನ ಮೇಲೆ ತಾನೇ ದಾಳಿ ಮಾಡಿಕೊಂಡಿತೆಂದು 2011ರಲ್ಲಿ ವರದಿಯಾಯಿತು. ಲೂಪಸ್ ಎಂಬ ಕಾಯಿಲೆಯ ರೋಗಿಗಳಲ್ಲಿ ಅದರ ಪ್ರಮಾಣ ಕಡಿಮೆ ಇರುವುದೂ ಕಂಡುಬಂತು. 155 ಎಂಬ ಇನ್ನೊಂದು ತುಣುಕಿನ ಕೆಲಸ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಅದು ಬೆಂಕಿಗೆ ಗಾಳಿ ಹಾಕುತ್ತದೆ. ಅದಿಲ್ಲದ ಇಲಿಗಳಿಗೆ ಸೋಂಕಿನ ವಿರುದ್ಧ ಸರಿಯಾಗಿ ಹೋರಾಡಲು ಆಗದು.

ಇತ್ತ ವೈರಾಣುವೂ ಸುಮ್ಮನಿರುವುದಿಲ್ಲ. ಕ್ಯಾಸನೂರು ವೈರಾಣುವಿಗೆ ಡಿಎನ್‌ಎ ಇಲ್ಲ, ಅದರ ಇಡೀ ಬಂಡವಾಳ ಒಂದೇ ಎಳೆಯ ಆರ್‌ಎನ್‌ಎ. ಅದರಲ್ಲಿರುವುದು 10,774 ಅಕ್ಷರ. ಅದು ಬರೆಯುವ ಒಂದೇ ಉದ್ದನೆಯ ಪ್ರೋಟೀನಿನಲ್ಲಿ 3,416 ಅಮೈನೋ ಆಮ್ಲಗಳು. ಒಂದೊಂದಕ್ಕೆ ಮೂರು ಅಕ್ಷರದಂತೆ ನೀವೇ ಗುಣಿಸಿ ನೋಡಿ, 10,248. ಉಳಿಯುವುದು ಸುಮಾರು 500 ಅಕ್ಷರ. ಅವು ಎರಡು ತುದಿಗಳಲ್ಲಿವೆ, ಯಾವ ಪ್ರೋಟೀನನ್ನೂ ಬರೆಯುವುದಿಲ್ಲ. 1994ರಲ್ಲಿ ಯಾರಾದರೂ ಕೇಳಿದ್ದರೆ ಅದನ್ನೂ ನಾನು ಕಸವೆನ್ನುತ್ತಿದ್ದೆನೇನೋ.

ಆ ಬಾಲದ ತುದಿಯ ಮಹಿಮೆ ತಿಳಿದದ್ದು ಇದೇ ಕುಲದ ವೈರಾಣುಗಳ ಅಧ್ಯಯನದಿಂದ. ಡೆಂಗಿ, ಝೀಕಾ, ವೆಸ್ಟ್ ನೈಲ್ ಎಲ್ಲವೂ ಈ ಕುಲದವೇ. ನಮ್ಮ ಜೀವಕೋಶದಲ್ಲಿ ಬೇಡದ ಆರ್‌ಎನ್‌ಎಯನ್ನು ಒಂದು ತುದಿಯಿಂದ ಅಗಿಯುತ್ತ ಹೋಗುವ ಕಿಣ್ವವೊಂದಿದೆ. ಅದು ವೈರಾಣುವಿನ ಎಳೆಯನ್ನೂ ಅಗಿಯುತ್ತದೆ. ಆದರೆ ಬಾಲದ ಬಳಿ ಬಂದಾಗ ಅಲ್ಲಿ ಗಂಟು ಹಾಕಿಕೊಂಡಿರುವ ಆರ್‌ಎನ್‌ಎಗೆ ತಾಗಿ ನಿಂತುಬಿಡುತ್ತದೆ. ಹೀಗೆ ಅಗಿಯಲಾಗದೆ ಉಳಿದ ಕೆಲವು ನೂರು ಅಕ್ಷರಗಳ ತುಂಡು ಜೀವಕೋಶದಲ್ಲಿ ರಾಶಿ ಬೀಳುತ್ತದೆ. 2008ರಲ್ಲಿ ವೆಸ್ಟ್ ನೈಲ್ ವೈರಾಣುವಿನಲ್ಲಿ ಈ ತುಂಡೇ ರೋಗದ ತೀವ್ರತೆಗೆ ಅಗತ್ಯವೆಂದು ತೋರಿಸಿದರು. ಉಣುಗಿನಿಂದ ಹರಡುವ ವೈರಾಣುಗಳಲ್ಲೂ ಇಂತಹ ಗಂಟುಗಳಿರುವುದು ತಿಳಿದಿದೆ. 1994ರಲ್ಲಿ, ನಾನು ಆ ಪಾಠ ಮಾಡಿದ ವರ್ಷವೇ, ಪೋರ್ಟೊ ರಿಕೊ ದ್ವೀಪದಲ್ಲಿ ಡೆಂಗಿಯ ಹೊಸ ತಳಿಯೊಂದು ಹಬ್ಬಿತ್ತು. ಅದು ಹಳೆಯ ತಳಿಗಿಂತ ಹೆಚ್ಚು ಪ್ರಮಾಣದಲ್ಲಿ ಈ ತುಂಡನ್ನು ತಯಾರಿಸುತ್ತದೆಂದೂ, ಆ ತುಂಡು ನಮ್ಮ ಒಂದು ರಕ್ಷಕ ಪ್ರೋಟೀನಿಗೆ ಅಂಟಿಕೊಂಡು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಗಂಟೆ ಬಾರಿಸದಂತೆ ಮಾಡುತ್ತದೆಂದೂ 2015ರಲ್ಲಿ ಪ್ರಕಟವಾಯಿತು. ಊರಿನ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಕಳ್ಳತನಕ್ಕೆ ಇಳಿದಂತೆ.

ಗಂಟೆ ತಡವಾಗಿ ಬಾರಿಸಿದರೆ ವೈರಾಣು ಮೊದಲು ಬೆಳೆಯುತ್ತದೆ. ಆಮೇಲೆ ಹೊತ್ತುವ ಬೆಂಕಿ ದೊಡ್ಡದಾಗಿರುತ್ತದೆ. ಮಂಗನ ಕಾಯಿಲೆಯಲ್ಲೂ ಜ್ವರ ಇಳಿದು ಒಂದೆರಡು ವಾರ ಸುಖವಾಗಿದ್ದ ಕೆಲವರಿಗೆ ಮತ್ತೆ ಜ್ವರ ಮರುಕಳಿಸಿ ಮೆದುಳಿಗೆ ಏರುವುದುಂಟು. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ಸಾಮಾನ್ಯ ಲೆಕ್ಕ. ಕಾಡಿನಲ್ಲಿ ಕಚ್ಚಿದ ಉಣುಗು ಒಂದೇ ಆಗಿರಬಹುದು. ಆದರೆ ಒಳಗೆ ಬೆಂಕಿಯನ್ನು ಯಾವಾಗ ಹೊತ್ತಿಸಬೇಕು, ಯಾವಾಗ ಆರಿಸಬೇಕು ಎಂಬ ಲೆಕ್ಕ ಎರಡು ದೇಹಗಳಲ್ಲಿ ಒಂದೇ ಇರುವುದಿಲ್ಲ. ವಯಸ್ಸು, ಹಿಂದಿನ ಕಾಯಿಲೆಗಳು, ಒಳಹೊಕ್ಕ ವೈರಾಣುವಿನ ಪ್ರಮಾಣ, ಆಸ್ಪತ್ರೆ ಸೇರಲು ಹಿಡಿದ ಸಮಯ ಇವೆಲ್ಲವೂ ಆ ತಕ್ಕಡಿಯ ಕಲ್ಲುಗಳು. ಅವುಗಳ ನಡುವೆ ನಾವು ಕಸವೆಂದು ಕರೆದ ಈ ಸಣ್ಣ ಕಲ್ಲುಗಳೂ ಸೇರಿವೆ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಆರ್‌ಎನ್‌ಎ ತುಣುಕಿನಿಂದ ವಂಶವಾಹಿಯ ಬಾಯಿ ಮುಚ್ಚಿಸುವ ಮೊದಲ ಔಷಧಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ನರಗಳಿಗೆ ಸಂಬಂಧಿಸಿದ ಒಂದು ಅಪರೂಪದ ಆನುವಂಶಿಕ ಕಾಯಿಲೆಗೆ. ಮಂಗನ ಕಾಯಿಲೆಗೆ ಮಾತ್ರ ಇಂದಿಗೂ ನಿರ್ದಿಷ್ಟ ಔಷಧಿಯಿಲ್ಲ. ರೋಗಿಗೆ ದ್ರವ ಕೊಟ್ಟು, ರಕ್ತಸ್ರಾವ ನೋಡಿಕೊಂಡು, ದೇಹ ತಾನೇ ಗೆಲ್ಲುವವರೆಗೆ ಕಾಯುವುದೇ ಚಿಕಿತ್ಸೆ. ಬಡವರ ಕಾಡಿನ ಕಾಯಿಲೆಗೆ ಶ್ರೀಮಂತ ಔಷಧಶಾಸ್ತ್ರ ತಡವಾಗಿ ಬರುತ್ತದೆ. ಆದ್ದರಿಂದ ಮಲೆನಾಡಿನಲ್ಲಿರುವ ನಿಮಗೆಲ್ಲ ಹಳೆಯ ಮೇಷ್ಟರ ಹಳೆಯ ಮಾತು: ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿ, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮೀಯಿರಿ, ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಿ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ಹುಡುಗಿ ಈಗ ಐವತ್ತರ ಹತ್ತಿರ ಇರಬೇಕು. ಹತ್ತನೆಯ ತರಗತಿ ಮುಗಿಸಿ ಹೋದ ಮೇಲೆ ನನಗೆ ಅವಳ ಸುದ್ದಿ ತಿಳಿದಿಲ್ಲ. ನಿಮ್ಮಲ್ಲಿ ಅವಳ ಸಹಪಾಠಿಗಳು ಕೆಲವರು ಇದನ್ನು ಓದುತ್ತೀರೆಂದು ಬಲ್ಲೆ. ಅವಳ ಸಂಪರ್ಕ ನಿಮಗಿದ್ದರೆ ನನ್ನ ಪರವಾಗಿ ಇಷ್ಟು ಹೇಳಿ. ಅವಳು ಕೇಳಿದ ಮೊದಲ ಪ್ರಶ್ನೆ ಮುಂದೆ ನೊಬೆಲ್ ಪ್ರಶಸ್ತಿಗೆ ಅರ್ಹವಾದ ಪ್ರಶ್ನೆ. ಎರಡನೆಯದಕ್ಕೆ ಅವಳ ತಂದೆಯ ಶಕ್ತಿಹೀನತೆಯಾಗಲಿ, ಅವರು ಮಾಡಿದ ಯಾವ ತಪ್ಪಾಗಲಿ ಉತ್ತರವಲ್ಲ. ಅಂದು ತರಗತಿ ನಕ್ಕದ್ದು ನನ್ನ ಮಾತಿನಿಂದ. ಅದಕ್ಕಾಗಿ ಮೇಷ್ಟರು ಕ್ಷಮೆ ಕೇಳಿದರೆಂದು ತಿಳಿಸಿ.

ನಿಮ್ಮೆಲ್ಲರ ಕುಶಲ ಬಯಸುವ,
ನಿಮ್ಮ ಮೇಷ್ಟರು
ಶಿವಮೊಗ್ಗ